ಡಿಜಿಟಲ್ ಜೀವನ ಮತ್ತು ಶಾಲಾ ವಿದ್ಯಾರ್ಥಿಗಳ ಅವಧಾನ, ಸ್ಮರಣೆ

ಡಿಜಿಟಲ್ ಜೀವನವು ಶಾಲಾ ವಿದ್ಯಾರ್ಥಿಗಳ ಅವಧಾನ ಮತ್ತು ಸ್ಮರಣೆಯ ಮೇಲೆ ಬೀರುವ ಪರಿಣಾಮವು ಮನೋವಿಜ್ಞಾನ, ಶಿಕ್ಷಣಶಾಸ್ತ್ರ ಹಾಗೂ ಸಾರ್ವಜನಿಕ ಆರೋಗ್ಯ ಈ ಮೂರು ಕ್ಷೇತ್ರಗಳಿಗೂ ಸೇರಿದ ಅಧ್ಯಯನ ವಿಷಯವಾಗಿದೆ. ಮೊಬೈಲ್ ಫೋನ್, ಟ್ಯಾಬ್, ಕಂಪ್ಯೂಟರ್, ದೂರದರ್ಶನ ಮತ್ತು ಅಂತರ್ಜಾಲದ ಬಳಕೆಯಿಂದ ಮಕ್ಕಳು ಪಾಠಕ್ಕೆ ಮನಸ್ಸು ಕೊಡುವ ರೀತಿ, ಕಲಿತದ್ದನ್ನು ನೆನಪಿನಲ್ಲಿ ಉಳಿಸಿಕೊಳ್ಳುವ ರೀತಿ ಹಾಗೂ ಬೇಕಾದಾಗ ಅದನ್ನು ಹೊರತೆಗೆಯುವ ರೀತಿ ಹೇಗೆ ಬದಲಾಗುತ್ತವೆ ಎಂಬುದು ಇದರ ಮುಖ್ಯ ಪ್ರಶ್ನೆ. ಕರ್ನಾಟಕದಲ್ಲಿ 2020ರ ಕೋವಿಡ್-19 ಸಾಂಕ್ರಾಮಿಕದ ನಂತರ ಈ ವಿಷಯವು ವ್ಯಾಪಕ ಚರ್ಚೆಗೆ ಒಳಗಾಯಿತು. ರಾಯಚೂರಿನಂತಹ ಜಿಲ್ಲೆಗಳಲ್ಲಿ ಸಾಧನದ ಕೊರತೆ ಮತ್ತು ಸಾಧನದ ಅತಿಬಳಕೆ ಎರಡೂ ಕೆಲವೇ ವರ್ಷಗಳ ಅಂತರದಲ್ಲಿ ಒಂದೇ ಪೀಳಿಗೆಯ ಮಕ್ಕಳ ಮುಂದೆ ಬಂದವು.

ಇದುವರೆಗಿನ ಸಂಶೋಧನೆಗಳು ಡಿಜಿಟಲ್ ಸಾಧನಗಳು ಮಕ್ಕಳ ನೆನಪಿನ ಶಕ್ತಿಯನ್ನೇ ಶಾಶ್ವತವಾಗಿ ಕುಗ್ಗಿಸುತ್ತವೆ ಎಂದು ಸಿದ್ಧಪಡಿಸಿಲ್ಲ. ಆದರೆ ನಿದ್ರೆ, ಮನನ, ಪುನರಾವರ್ತನೆ, ಹಿರಿಯರೊಡನೆ ಮಾತುಕತೆ ಮುಂತಾದ, ನೆನಪನ್ನು ಬಲಪಡಿಸುವ ಚಟುವಟಿಕೆಗಳ ವೇಳೆಯನ್ನು ಸಾಧನವು ಆಕ್ರಮಿಸಿಕೊಂಡಾಗ ಕಲಿಕೆಗೆ ಹಾನಿಯಾಗುತ್ತದೆ ಎಂಬುದಕ್ಕೆ ಹೆಚ್ಚಿನ ಆಧಾರಗಳಿವೆ.

ಪರಿಕಲ್ಪನೆಗಳು

ಅನೇಕ ಸಂಗತಿಗಳ ನಡುವೆ ಒಂದನ್ನು ಆರಿಸಿಕೊಂಡು, ಉಳಿದವನ್ನು ಬದಿಗಿಟ್ಟು, ಅದರಲ್ಲಿಯೇ ಮನಸ್ಸನ್ನು ನಿಲ್ಲಿಸುವ ಸಾಮರ್ಥ್ಯವನ್ನು ಅವಧಾನ ಅಥವಾ ಗಮನ ಎನ್ನುತ್ತಾರೆ. ಇದರಲ್ಲಿ ಆಯ್ದ ಅವಧಾನ, ದೀರ್ಘ ಅವಧಾನ ಮತ್ತು ವಿಭಜಿತ ಅವಧಾನ ಎಂಬ ಪ್ರಭೇದಗಳನ್ನು ಗುರುತಿಸಲಾಗಿದೆ. ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿರುವಂತೆ ಕಂಡರೂ, ಎರಡಕ್ಕೂ ಆಲೋಚನೆ ಬೇಕಾದಾಗ ಮನಸ್ಸು ಒಂದರಿಂದ ಇನ್ನೊಂದಕ್ಕೆ ವೇಗವಾಗಿ ಜಿಗಿಯುತ್ತಿರುತ್ತದೆ. ಪ್ರತಿ ಜಿಗಿತಕ್ಕೂ ಸ್ವಲ್ಪ ಸಮಯ ಮತ್ತು ಶ್ರಮ ವ್ಯಯವಾಗುತ್ತವೆ.

ಆ ಕ್ಷಣಕ್ಕೆ ಬೇಕಾದ ಮಾಹಿತಿಯನ್ನು ಹಿಡಿದಿಟ್ಟುಕೊಂಡು ಅದರೊಡನೆ ಕೆಲಸ ಮಾಡುವ ಶಕ್ತಿಯನ್ನು ಕಾರ್ಯನಿರತ ಸ್ಮೃತಿ ಎಂದು ಕರೆಯಲಾಗುತ್ತದೆ. ಮನಸ್ಸಿನಲ್ಲಿಯೇ ಕೂಡುವ ಲೆಕ್ಕ ಮಾಡುವಾಗ ದಶಕವನ್ನು ನೆನಪಿಟ್ಟುಕೊಳ್ಳುವುದು ಇದಕ್ಕೆ ಸರಳ ಉದಾಹರಣೆ. 1974ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಇದರ ಪ್ರಸಿದ್ಧ ಮಾದರಿಯನ್ನು ಮಂಡಿಸಿದರು. ತಕ್ಷಣದ ನೆನಪು ಸುಮಾರು ಏಳು ಘಟಕಗಳನ್ನು ಹಿಡಿಯಬಲ್ಲದು ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದಿದ್ದರು. 2001ರಲ್ಲಿ ನೆಲ್ಸನ್ ಕೊವಾನ್ ಈ ಮಿತಿಯನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ಇಷ್ಟು ಕಿರಿದಾದ ಸ್ಥಳದಲ್ಲಿ ಹೊರಗಿನ ಒಂದು ಸಂಗತಿ ನುಗ್ಗಿದರೆ ಒಳಗಿದ್ದ ಒಂದು ಸಂಗತಿ ಜಾರಿಹೋಗುತ್ತದೆ.

ಕಾರ್ಯನಿರತ ಸ್ಮೃತಿಯಲ್ಲಿ ಸಂಸ್ಕರಣೆಗೊಂಡ ವಿಷಯವು ದೀರ್ಘಕಾಲಿಕ ಸ್ಮೃತಿಯಲ್ಲಿ ನೆಲೆಗೊಳ್ಳುತ್ತದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಸ್ವತಃ ಕಂಠಪಾಠ ಮಾಡಿ, ಮರೆವಿನ ಗತಿಯನ್ನು ಅಳೆದು, 1885ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಲಿತ ಮೊದಲ ಗಂಟೆಯಲ್ಲಿಯೇ ಮರೆವು ಅತ್ಯಂತ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂಬುದು ಅವರ ಮುಖ್ಯ ನಿರ್ಣಯ. ಬಿಡುವು ಕೊಟ್ಟು ಮತ್ತೆ ಮತ್ತೆ ನೆನಪಿಸಿಕೊಂಡರೆ ಈ ಮರೆವು ಕಡಿಮೆಯಾಗುತ್ತದೆ.

ಕನ್ನಡ ಪರಿಸರದಲ್ಲಿ ಸ್ಮರಣೆಯ ಪರಂಪರೆ

ಮುದ್ರಿತ ಪುಸ್ತಕಗಳು ವಿರಳವಾಗಿದ್ದ ಕಾಲದಲ್ಲಿ ಕನ್ನಡ ನಾಡಿನ ಶಿಕ್ಷಣವು ಬಹುಮಟ್ಟಿಗೆ ಕಂಠಪಾಠವನ್ನು ಅವಲಂಬಿಸಿತ್ತು. ಊರಿನ ಅಯ್ಯಗಳು ನಡೆಸುತ್ತಿದ್ದ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮಗ್ಗಿ, ಕಾಲು-ಅರೆ-ಮುಕ್ಕಾಲು ಮಗ್ಗಿ, ಕಾಗುಣಿತ, ತಿಥಿ-ವಾರ-ನಕ್ಷತ್ರಗಳ ಹೆಸರು ಇವನ್ನು ಸಾಮೂಹಿಕವಾಗಿ ರಾಗವಾಗಿ ಹೇಳಿಸುವುದು ವಾಡಿಕೆಯಾಗಿತ್ತು. ಲಯ, ಪ್ರಾಸ, ಗುಂಪಿನ ದನಿ ಮತ್ತು ದಿನನಿತ್ಯದ ಪುನರಾವರ್ತನೆ ಇಲ್ಲಿ ನೆನಪಿಗೆ ಆಸರೆಯಾಗಿದ್ದವು.

ರಾಯಚೂರು ಜಿಲ್ಲೆ ಇಂತಹ ಮೌಖಿಕ ಪರಂಪರೆಗೆ ಹೆಸರಾದುದು. ದೇವದುರ್ಗ ತಾಲ್ಲೂಕಿನ ಮಸರಕಲ್ ಗ್ರಾಮವು ದಾಸಸಾಹಿತ್ಯದ ಇತಿಹಾಸದಲ್ಲಿ ಮೊಸರಕಲ್ಲು ಎಂಬ ಹೆಸರಿನಿಂದ ಪರಿಚಿತವಾಗಿದ್ದು, 18ನೆಯ ಶತಮಾನದ ಹರಿದಾಸರಾದ ಗೋಪಾಲದಾಸರ ಜನ್ಮಸ್ಥಳವಾಗಿದೆ. ಅವರ ಗುರುಗಳಾದ ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರ್ವಿಯವರು. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು ಅದೇ ಸೀಮೆಯ ಬ್ಯಾಗವಾಟದವರು. ಭಾಮಿನಿ ಷಟ್ಪದಿಯಲ್ಲಿರುವ ಈ ದೀರ್ಘ ಕೃತಿಯನ್ನು ಬಾಯಿಪಾಠ ಮಾಡುವ ಸಂಪ್ರದಾಯ ಇಂದಿಗೂ ಉಳಿದಿದೆ. ಭಜನಾ ಮಂಡಳಿಗಳ ತತ್ವಪದಗಳು, ಮೊಹರಂ ಸಂದರ್ಭದ ರಿವಾಯತ್ ಪದಗಳು, ಹಂತಿ ಪದಗಳು ಮತ್ತು ಸೋಬಾನೆ ಪದಗಳು ಸಹ ಈ ಭಾಗದಲ್ಲಿ ಬಾಯಿಂದ ಬಾಯಿಗೆ ಹರಿದುಬಂದಿವೆ. ಅಕ್ಷರ ಬಾರದವರೂ ನೂರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡಿರುವುದು ಇಂತಹ ಪರಂಪರೆಗಳಲ್ಲಿ ಸಾಮಾನ್ಯ.

ಅವಧಾನ ಎಂಬ ಪದವೇ ಒಂದು ಕಾವ್ಯಕಲೆಯ ಹೆಸರೂ ಆಗಿದೆ. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಒಡ್ಡುವ ಸಮಸ್ಯೆಗಳನ್ನು ಅವಧಾನಿಯು ಲೇಖನಿಯ ಸಹಾಯವಿಲ್ಲದೆ, ಸರದಿಯ ಪ್ರಕಾರ, ಪದ್ಯರೂಪದಲ್ಲಿ ಪೂರೈಸಬೇಕು. ಅಪ್ರಸ್ತುತ ಪ್ರಸಂಗಿ ಎಂಬ ಪೃಚ್ಛಕನ ಕೆಲಸವೇ ನಡುನಡುವೆ ಸಂಬಂಧವಿಲ್ಲದ ಮಾತುಗಳನ್ನಾಡಿ ಅವಧಾನಿಯ ಗಮನವನ್ನು ಕದಲಿಸುವುದು. ಈ ಕಲೆಯನ್ನು ಕನ್ನಡದಲ್ಲಿ ಜನಪ್ರಿಯಗೊಳಿಸಿದವರಲ್ಲಿ ಶತಾವಧಾನಿ ಆರ್. ಗಣೇಶ್ ಪ್ರಮುಖರು. ವಿಕ್ಷೇಪದ ನಡುವೆ ಮನಸ್ಸನ್ನು ನಿಲ್ಲಿಸುವುದು ಅಭ್ಯಾಸದಿಂದ ಸಾಧ್ಯವಾಗುವ ಕೌಶಲ ಎಂಬುದಕ್ಕೆ ಇದು ನಿದರ್ಶನ.

ಕಂಠಪಾಠದ ಪದ್ಧತಿಗೆ ಮಿತಿಗಳೂ ಇದ್ದವು. ಅರ್ಥ ತಿಳಿಯದ ಉರುಹೊಡೆಯುವಿಕೆಯನ್ನು ಆಧುನಿಕ ಶಿಕ್ಷಣತಜ್ಞರು ಟೀಕಿಸಿದರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, ಬಳಿಕ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿ ಪದ್ಧತಿಯು ಚಟುವಟಿಕೆ ಮತ್ತು ಸ್ವಗತಿಯ ಕಲಿಕೆಗೆ ಆದ್ಯತೆ ನೀಡಿತು. ಹೀಗಾಗಿ ಸ್ಮರಣೆಯ ಸ್ಥಾನದ ಬಗೆಗಿನ ಚರ್ಚೆಯು ಮೊಬೈಲ್ ಫೋನಿಗಿಂತ ಹಳೆಯದು.

ಶಾಲೆ ಮುಚ್ಚಿದ ಅವಧಿ ಮತ್ತು ಡಿಜಿಟಲ್ ಕಲಿಕೆ

ಕರ್ನಾಟಕದಲ್ಲಿ ದೂರಸಂಪರ್ಕದ ಮೂಲಕ ಪಾಠ ಹೇಳುವ ಪ್ರಯತ್ನಗಳು ಮೊದಲು ಬಾನುಲಿ, ಅನಂತರ ಉಪಗ್ರಹ ಪ್ರಸಾರದ ಮೂಲಕ ನಡೆದಿದ್ದವು. ಪಠ್ಯಪುಸ್ತಕದ ಕ್ಯೂಆರ್ ಸಂಕೇತವನ್ನು ಫೋನಿನಿಂದ ಸ್ಕ್ಯಾನ್ ಮಾಡಿ ಪೂರಕ ಪಾಠ ನೋಡುವ ದೀಕ್ಷಾ ವೇದಿಕೆಯು ರಾಷ್ಟ್ರಮಟ್ಟದಲ್ಲಿ 2017ರಲ್ಲಿ ಆರಂಭವಾಯಿತು. ಆದರೆ ಫೋನು ಕಲಿಕೆಯ ಮುಖ್ಯ ಸಾಧನವಾದದ್ದು 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದ ಮೇಲೆ.

2020ರ ಜೂನ್‌ನಲ್ಲಿ ರಾಜ್ಯ ಸರ್ಕಾರವು ಕಿರಿಯ ತರಗತಿಗಳ ಆನ್‌ಲೈನ್ ಪಾಠಗಳನ್ನು ನಿಷೇಧಿಸಿ, ಪ್ರೊ. ಎಂ. ಕೆ. ಶ್ರೀಧರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ರಚಿಸಿತು. ಚಿಕ್ಕ ಮಕ್ಕಳನ್ನು ಪರದೆಯ ಮುಂದೆ ಕೂರಿಸಬೇಕೇ ಎಂಬ ಪ್ರಶ್ನೆ ಆಗ ನ್ಯಾಯಾಲಯದ ಮೆಟ್ಟಿಲೇರಿತು. ಜುಲೈ ತಿಂಗಳಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ನಿಷೇಧದ ಆದೇಶಕ್ಕೆ ತಡೆ ನೀಡಿತು. ಅದೇ ತಿಂಗಳು ಕೇಂದ್ರ ಸರ್ಕಾರವು ಪ್ರಜ್ಞಾತಾ ಎಂಬ ಮಾರ್ಗಸೂಚಿಯನ್ನು ಹೊರಡಿಸಿ, 1ರಿಂದ 8ನೆಯ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿಗಳನ್ನು, 9ರಿಂದ 12ನೆಯ ತರಗತಿಯವರಿಗೆ ನಾಲ್ಕು ಅವಧಿಗಳನ್ನು ಮೀರದಂತೆ ಸೂಚಿಸಿತು.

ಫೋನಿಲ್ಲದ ಮನೆಗಳ ಮಕ್ಕಳಿಗಾಗಿ ದೂರದರ್ಶನ ಚಂದನ ವಾಹಿನಿಯಲ್ಲಿ ಸಂವೇದ ಪಾಠಮಾಲಿಕೆ ಪ್ರಸಾರವಾಯಿತು. 2020ರ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಕಾರ್ಯಕ್ರಮದಲ್ಲಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ಗುಡಿ, ಮರದ ನೆರಳು, ಸಮುದಾಯ ಭವನಗಳಲ್ಲಿ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ನಿಂತ ಈ ಕಾರ್ಯಕ್ರಮ 2021ರ ಜನವರಿಯಲ್ಲಿ ಮರಳಿ ಆರಂಭವಾಯಿತು. 1ರಿಂದ 5ನೆಯ ತರಗತಿಗಳು ಪುನರಾರಂಭವಾದದ್ದು 2021ರ ಅಕ್ಟೋಬರ್ 25ರಂದು. ಅಂದರೆ ಅತ್ಯಂತ ಕಿರಿಯ ಮಕ್ಕಳು ಸುಮಾರು 19 ತಿಂಗಳು ನಿಯತ ತರಗತಿಯಿಂದ ದೂರವಿದ್ದರು.

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿ ಐದು ರಾಜ್ಯಗಳ 44 ಜಿಲ್ಲೆಗಳಲ್ಲಿ 2ರಿಂದ 6ನೆಯ ತರಗತಿಯ 16,067 ಮಕ್ಕಳ ಅಧ್ಯಯನವನ್ನು ನಡೆಸಿ 2021ರಲ್ಲಿ ವರದಿ ಪ್ರಕಟಿಸಿತು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಶೇ. 92ರಷ್ಟು ಮಕ್ಕಳೂ, ಗಣಿತ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಶೇ. 82ರಷ್ಟು ಮಕ್ಕಳೂ ಕಳೆದುಕೊಂಡಿದ್ದರು. ಹೊಸ ಪಾಠ ತಪ್ಪಿದ್ದರ ಜೊತೆಗೆ ಹಳೆಯ ಪಾಠವೂ ಮರೆತುಹೋಗಿತ್ತು. ಗ್ರಾಮೀಣ ಕರ್ನಾಟಕದ 3ನೆಯ ತರಗತಿಯ ಮಕ್ಕಳಲ್ಲಿ 2ನೆಯ ತರಗತಿಯ ಪಠ್ಯವನ್ನು ಓದಬಲ್ಲವರ ಪ್ರಮಾಣವು 2018ರಲ್ಲಿ ಶೇ. 19.2 ಇದ್ದದ್ದು 2022ರಲ್ಲಿ ಶೇ. 8.6ಕ್ಕೆ ಇಳಿದುದನ್ನು ಅಸರ್ ಸಮೀಕ್ಷೆ ದಾಖಲಿಸಿತು. ಈ ಕುಸಿತಕ್ಕೆ ಮುಖ್ಯ ಕಾರಣ ಶಾಲೆ ಮುಚ್ಚಿದ್ದು. ದಿನನಿತ್ಯ ಓದಿಸುವ, ಕೇಳುವ, ತಿದ್ದುವ ವ್ಯವಸ್ಥೆ ನಿಂತಾಗ ನೆನಪು ಎಷ್ಟು ಬೇಗ ಸವೆಯುತ್ತದೆ ಎಂಬುದನ್ನು ಇದು ತೋರಿಸಿತು. ರಾಜ್ಯ ಸರ್ಕಾರವು 2022-23ನೇ ಸಾಲನ್ನು ಕಲಿಕಾ ಚೇತರಿಕೆ ವರ್ಷವೆಂದು ಆಚರಿಸಿತು.

ಬಳಕೆಯ ಪ್ರಮಾಣ

ಪ್ರಥಮ್ ಸಂಸ್ಥೆಯ ಆಶ್ರಯದ ಅಸರ್ 2024ರ ಸಮೀಕ್ಷೆಯ ಪ್ರಕಾರ, ಗ್ರಾಮೀಣ ಭಾರತದ 14ರಿಂದ 16 ವರ್ಷ ವಯಸ್ಸಿನ ಮಕ್ಕಳಲ್ಲಿ ಶೇ. 89.1ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಶೇ. 82.2ರಷ್ಟು ಮಕ್ಕಳಿಗೆ ಅದನ್ನು ಬಳಸಲು ಬರುತ್ತದೆ. ಸಮೀಕ್ಷೆಯ ಹಿಂದಿನ ವಾರದಲ್ಲಿ ಶಿಕ್ಷಣಕ್ಕೆ ಸಂಬಂಧಿಸಿದ ಕೆಲಸಕ್ಕಾಗಿ ಫೋನ್ ಬಳಸಿದವರು ಸುಮಾರು ಶೇ. 57, ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು ಸುಮಾರು ಶೇ. 76. ಸ್ವಂತ ಫೋನ್ ಹೊಂದಿರುವವರ ಪ್ರಮಾಣ ವಯಸ್ಸಿನೊಂದಿಗೆ ಏರುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ಸ್ವಂತ ಫೋನ್ ಇರುವವರು ಹೆಚ್ಚು. 14ರಿಂದ 18 ವರ್ಷದವರನ್ನು ಕುರಿತ 2023ರ ಸಮೀಕ್ಷೆಯಲ್ಲಿ, ಫೋನ್ ಬಳಸಬಲ್ಲ ಹುಡುಗರಲ್ಲಿ ಶೇ. 43.7 ಮತ್ತು ಹುಡುಗಿಯರಲ್ಲಿ ಶೇ. 19.8 ಮಂದಿಗೆ ಸ್ವಂತ ಫೋನ್ ಇತ್ತು.

2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.56 ಆಗಿದ್ದು, ರಾಜ್ಯದ ಸರಾಸರಿ ಶೇ. 75.36 ಇತ್ತು. ಅನೇಕ ಮನೆಗಳಲ್ಲಿ ತಂದೆ-ತಾಯಿ ಕಾಣದ ಅಕ್ಷರಲೋಕವನ್ನು ಮಕ್ಕಳು ಫೋನಿನ ಪರದೆಯಲ್ಲಿ ಕಾಣುತ್ತಾರೆ. ಮಗು ಪಾಠ ನೋಡುತ್ತಿದೆಯೋ ಆಟ ಆಡುತ್ತಿದೆಯೋ ಎಂದು ಹಿರಿಯರು ತಿಳಿಯುವುದು ಇಂತಹ ಮನೆಗಳಲ್ಲಿ ಕಷ್ಟ. ದುಡಿಮೆಗಾಗಿ ತಂದೆ-ತಾಯಿ ಬೆಂಗಳೂರು ಮುಂತಾದೆಡೆ ಗುಳೆ ಹೋದಾಗ ಅಜ್ಜ-ಅಜ್ಜಿಯರ ಬಳಿ ಉಳಿಯುವ ಮಕ್ಕಳಿಗೆ ಫೋನು ತಂದೆ-ತಾಯಿಯ ದನಿ ಕೇಳುವ ಸಾಧನವೂ ಹೌದು. ಆದ್ದರಿಂದ ಅದನ್ನು ಸಂಪೂರ್ಣವಾಗಿ ದೂರವಿಡಬೇಕೆಂಬ ಸಲಹೆ ಎಲ್ಲ ಕುಟುಂಬಗಳಿಗೂ ಅನ್ವಯಿಸುವುದಿಲ್ಲ.

ಅವಧಾನದ ಮೇಲಿನ ಪರಿಣಾಮ

ಕಲಿಯುವ ಮಗುವಿನ ಗಮನವನ್ನು ಸಾಧನವು ಹಲವು ಬಗೆಗಳಲ್ಲಿ ಸೆಳೆಯುತ್ತದೆ. ಮೊದಲನೆಯದು ಸಂದೇಶ ಮತ್ತು ನೋಟಿಫಿಕೇಶನ್‌ಗಳ ಸದ್ದು. ಎರಡನೆಯದು, ಒಂದು ಮುಗಿಯುತ್ತಲೇ ಇನ್ನೊಂದು ತಾನಾಗಿ ತೆರೆದುಕೊಳ್ಳುವ ಕಿರು ವಿಡಿಯೊಗಳ ವಿನ್ಯಾಸ. ಮುಂದಿನದು ರಂಜಕವಾಗಿರಬಹುದು ಎಂಬ ಅನಿಶ್ಚಿತ ನಿರೀಕ್ಷೆಯೇ ಇಲ್ಲಿ ಬೆರಳನ್ನು ಚಲಿಸುವಂತೆ ಮಾಡುತ್ತದೆ. ಮೂರನೆಯದು ಪಕ್ಕದವರ ಪರದೆ.

ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ ಪೀಸಾ 2022 ಪರೀಕ್ಷೆಯಲ್ಲಿ, ಗಣಿತದ ತರಗತಿಗಳಲ್ಲಿ ಡಿಜಿಟಲ್ ಸಾಧನದಿಂದ ತಮ್ಮ ಗಮನ ಚದುರುತ್ತದೆ ಎಂದು ಸರಾಸರಿ ಶೇ. 65ರಷ್ಟು ವಿದ್ಯಾರ್ಥಿಗಳು ಹೇಳಿದರು. ಸಹಪಾಠಿಗಳ ಸಾಧನಗಳಿಂದ ಗಮನ ಚದುರುತ್ತದೆ ಎಂದವರ ಅಂಕಗಳು ಉಳಿದವರಿಗಿಂತ ಸುಮಾರು 15ರಷ್ಟು ಕಡಿಮೆಯಿದ್ದವು. ಭಾರತ ಈ ಪರೀಕ್ಷೆಯಲ್ಲಿ ಭಾಗವಹಿಸಿರಲಿಲ್ಲ. ಒಮ್ಮೆ ಚದುರಿದ ಗಮನವು ಪಾಠಕ್ಕೆ ಪೂರ್ಣವಾಗಿ ಮರಳಲು 20 ನಿಮಿಷಗಳವರೆಗೂ ಬೇಕಾಗಬಹುದು ಎಂದು ಯುನೆಸ್ಕೊದ 2023ರ ಜಾಗತಿಕ ಶಿಕ್ಷಣ ವರದಿ ತಿಳಿಸಿತು. ಶಾಲೆಯ ಒಂದು ಅವಧಿ ಸುಮಾರು 40 ನಿಮಿಷಗಳದ್ದಾಗಿರುವಾಗ ಇದು ಸಣ್ಣ ನಷ್ಟವಲ್ಲ.

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಆರಂಭದಲ್ಲಿ ಗಮನಕೊರತೆಯ ಲಕ್ಷಣಗಳಿಲ್ಲದ 2,587 ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಎರಡು ವರ್ಷ ಅನುಸರಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಡಿಜಿಟಲ್ ಮಾಧ್ಯಮಗಳನ್ನು ಹೆಚ್ಚು ಬಾರಿ ಬಳಸುತ್ತಿದ್ದವರಲ್ಲಿ ಮುಂದೆ ಅಂತಹ ಲಕ್ಷಣಗಳು ತುಸು ಹೆಚ್ಚಾಗಿ ಕಂಡುಬಂದವು. ಆದರೆ ಬಳಕೆಯೇ ಕಾರಣ ಎಂದು ಈ ಅಧ್ಯಯನ ಸಿದ್ಧಪಡಿಸುವುದಿಲ್ಲ. ಚಂಚಲ ಸ್ವಭಾವದ ಮಕ್ಕಳೇ ಫೋನಿನತ್ತ ಹೆಚ್ಚು ವಾಲುವ ಸಾಧ್ಯತೆಯೂ ಇದೆ.

ಫೋನನ್ನು ಮುಟ್ಟದೆ ಮೇಜಿನ ಮೇಲೆ ಇಟ್ಟುಕೊಂಡರೂ ಆಲೋಚನಾ ಸಾಮರ್ಥ್ಯ ಸ್ವಲ್ಪ ಕುಗ್ಗುತ್ತದೆ, ಬೇರೆ ಕೋಣೆಯಲ್ಲಿಟ್ಟರೆ ಸುಧಾರಿಸುತ್ತದೆ ಎಂದು ಟೆಕ್ಸಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ವರದಿ ಮಾಡಿದರು. ಮುಂದಿನ ಪ್ರಯೋಗಗಳಲ್ಲಿ ಈ ಫಲಿತಾಂಶ ಏಕರೂಪವಾಗಿ ದೊರೆತಿಲ್ಲ.

ಸ್ಮರಣೆಯ ಮೇಲಿನ ಪರಿಣಾಮ

ನೆನಪಿನಲ್ಲಿಡಬೇಕಾದುದನ್ನು ಹೊರಗಿನ ಸಾಧನಕ್ಕೆ ವಹಿಸುವುದನ್ನು ಮನೋವಿಜ್ಞಾನಿಗಳು ಸ್ಮೃತಿಭಾರದ ಇಳಿಸುವಿಕೆ ಎಂಬ ಅರ್ಥದಲ್ಲಿ ವಿವರಿಸುತ್ತಾರೆ. ಸೆರಗಿಗೆ ಗಂಟು ಹಾಕಿಕೊಳ್ಳುವುದು, ಗೋಡೆಯ ಮೇಲೆ ಹಾಲಿನ ಲೆಕ್ಕದ ಗೀರು ಎಳೆಯುವುದು ಇದರ ಹಳೆಯ ರೂಪಗಳು. ಕ್ಯಾಲ್ಕುಲೇಟರ್, ಫೋನಿನ ಸಂಪರ್ಕಪಟ್ಟಿ, ಅಂತರ್ಜಾಲ ಶೋಧ ಇದರ ಹೊಸ ರೂಪಗಳು.

2011ರಲ್ಲಿ ಬೆಟ್ಸಿ ಸ್ಪ್ಯಾರೊ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಪ್ರಯೋಗಗಳಲ್ಲಿ, ತಾವು ಬರೆದದ್ದು ಕಂಪ್ಯೂಟರಿನಲ್ಲಿ ಉಳಿಯುತ್ತದೆ ಎಂದು ನಂಬಿದವರು ಅದನ್ನು ಕಡಿಮೆ ನೆನಪಿಟ್ಟುಕೊಂಡರು. ಅಳಿಸಿಹೋಗುತ್ತದೆ ಎಂದು ನಂಬಿದವರು ಹೆಚ್ಚು ನೆನಪಿಟ್ಟುಕೊಂಡರು. ಇದು ಗೂಗಲ್ ಪರಿಣಾಮ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಇದೇ ಲೇಖನದ ಇನ್ನೊಂದು ಪ್ರಯೋಗವನ್ನು 2018ರಲ್ಲಿ ಮರುಪರೀಕ್ಷಿಸಿದಾಗ ಮೊದಲಿನ ಫಲಿತಾಂಶ ದೊರೆಯಲಿಲ್ಲ.

ಸ್ಮರಣೆಯ ಕುರಿತು ಹೆಚ್ಚು ದೃಢವಾಗಿ ನಿಂತಿರುವ ಸಂಶೋಧನೆ ಪುನಃಸ್ಮರಣೆಯ ಅಭ್ಯಾಸಕ್ಕೆ ಸಂಬಂಧಿಸಿದ್ದು. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ವಿದ್ಯಾರ್ಥಿಗಳ ಒಂದು ಗುಂಪಿಗೆ ಗದ್ಯಭಾಗವನ್ನು ಮತ್ತೊಮ್ಮೆ ಓದಲು ಹೇಳಿದರು. ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಿಗೆ ಬಂದದ್ದನ್ನು ಬರೆಯಿತು. ಐದು ನಿಮಿಷಗಳ ಬಳಿಕ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಚಿತ್ರ ತಿರುಗಿತು. ನೆನಪಿನಿಂದ ಬರೆದವರು ಶೇ. 56ರಷ್ಟನ್ನು, ಮತ್ತೆ ಓದಿದವರು ಶೇ. 42ರಷ್ಟನ್ನು ಹೇಳಬಲ್ಲವರಾಗಿದ್ದರು. ನೆನಪಿಗೆ ತಂದುಕೊಳ್ಳುವ ಶ್ರಮವೇ ನೆನಪನ್ನು ಗಟ್ಟಿಗೊಳಿಸುತ್ತದೆ ಎಂಬುದು ಇದರ ಸಾರ.

ಡಿಜಿಟಲ್ ಜೀವನದ ನಷ್ಟವನ್ನು ಈ ಬೆಳಕಿನಲ್ಲಿ ಅರ್ಥಮಾಡಿಕೊಳ್ಳಬಹುದು. ಉತ್ತರ ಹೊಳೆಯದ ಕ್ಷಣದಲ್ಲಿ ಮಗು ಅರೆನಿಮಿಷ ಯೋಚಿಸಿದರೆ ನೆನಪಿಗೆ ವ್ಯಾಯಾಮವಾಗುತ್ತದೆ. ಯೋಚಿಸುವ ಮೊದಲೇ ಶೋಧಯಂತ್ರಕ್ಕೋ ಕೃತಕ ಬುದ್ಧಿಮತ್ತೆಯ ಸಂವಾದ ತಂತ್ರಾಂಶಕ್ಕೋ ಪ್ರಶ್ನೆ ಒಪ್ಪಿಸಿದರೆ ಉತ್ತರ ದೊರೆಯುತ್ತದೆ, ವ್ಯಾಯಾಮ ತಪ್ಪುತ್ತದೆ. ಕರಿಹಲಗೆಯನ್ನು ಟಿಪ್ಪಣಿ ಮಾಡಿಕೊಳ್ಳುವ ಬದಲು ಫೋಟೊ ತೆಗೆದುಕೊಳ್ಳುವುದು, ಸಹಪಾಠಿಯ ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಪಡೆದು ನಕಲು ಮಾಡುವುದು ಇದೇ ವರ್ಗಕ್ಕೆ ಸೇರುತ್ತವೆ. ಬಾಯಲ್ಲಿ ಮಗ್ಗಿ ಇರುವ ವಿದ್ಯಾರ್ಥಿಗೆ ಭಾಗಾಕಾರದ ಲೆಕ್ಕದಲ್ಲಿ ಕಾರ್ಯನಿರತ ಸ್ಮೃತಿಯ ಜಾಗ ಉಳಿಯುತ್ತದೆ. ಪ್ರತಿ ಗುಣಾಕಾರಕ್ಕೂ ಫೋನ್ ತೆಗೆಯುವ ವಿದ್ಯಾರ್ಥಿಗೆ ಲೆಕ್ಕದ ಮುಂದಿನ ಹೆಜ್ಜೆಯೇ ಮರೆತುಹೋಗಬಹುದು.

ಓದುವ ಮಾಧ್ಯಮವೂ ಮುಖ್ಯ. 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಮಾಹಿತಿಪರ ಗದ್ಯವನ್ನು ಪರದೆಗಿಂತ ಕಾಗದದ ಮೇಲೆ ಓದಿದವರಿಗೆ ಅರ್ಥಗ್ರಹಣ ಸ್ವಲ್ಪ ಹೆಚ್ಚು. ಸಮಯದ ಒತ್ತಡವಿದ್ದಾಗ ಈ ವ್ಯತ್ಯಾಸ ಹಿಗ್ಗುತ್ತದೆ. ಕೇವಲ ಕಥನ ಗದ್ಯವನ್ನು ಓದಿಸಿದ ಅಧ್ಯಯನಗಳಲ್ಲಿ ಇಂತಹ ವ್ಯತ್ಯಾಸ ಕಂಡುಬರಲಿಲ್ಲ.

ನಿದ್ರೆ

ಹಗಲಿನಲ್ಲಿ ಕಲಿತದ್ದು ನಿದ್ರೆಯ ಅವಧಿಯಲ್ಲಿ ಮಿದುಳಿನಲ್ಲಿ ಸ್ಥಿರಗೊಳ್ಳುತ್ತದೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ಅಮೆರಿಕದ ನಿದ್ರಾವೈದ್ಯಕೀಯ ಸಂಸ್ಥೆ ಶಿಫಾರಸು ಮಾಡಿದೆ. ಸುಮಾರು 1,25,000 ಮಕ್ಕಳ ಮಾಹಿತಿಯುಳ್ಳ 20 ಅಧ್ಯಯನಗಳ ವಿಶ್ಲೇಷಣೆ 2016ರಲ್ಲಿ ಪ್ರಕಟವಾಯಿತು. ಮಲಗುವ ಹೊತ್ತಿನಲ್ಲಿ ಸಾಧನ ಬಳಸುವವರಲ್ಲಿ ನಿದ್ರೆಯ ಕೊರತೆ, ಕಳಪೆ ನಿದ್ರೆ ಮತ್ತು ಹಗಲಿನ ತೂಕಡಿಕೆ ಹೆಚ್ಚೆಂದು ಅದು ಕಂಡುಕೊಂಡಿತು. ಪರದೆಯ ಬೆಳಕು ಮೆಲಟೋನಿನ್ ಎಂಬ ಹಾರ್ಮೋನಿನ ಸ್ರವಿಕೆಯನ್ನು ತಡಮಾಡುವುದು ಒಂದು ಕಾರಣ. ನೋಡುತ್ತಿರುವುದನ್ನು ನಿಲ್ಲಿಸಲಾಗದೆ ಮಲಗುವ ವೇಳೆಯೇ ಮುಂದೆ ಹೋಗುವುದು ಇನ್ನೊಂದು ಕಾರಣ.

ಪ್ರಯೋಜನಗಳು

ಡಿಜಿಟಲ್ ಸಾಧನಗಳ ಪರಿಣಾಮ ಏಕಮುಖವಾದುದಲ್ಲ. ಪ್ರಯೋಗಾಲಯವಿಲ್ಲದ ಶಾಲೆಯ ವಿದ್ಯಾರ್ಥಿ ರಾಸಾಯನಿಕ ಕ್ರಿಯೆಯನ್ನು ವಿಡಿಯೊದಲ್ಲಿ ನೋಡಬಹುದು. ಅರ್ಥವಾಗದ ಭಾಗವನ್ನು ನಿಲ್ಲಿಸಿ ಮತ್ತೆ ಕೇಳಬಹುದು. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಶಾಲೆ ತಪ್ಪಿಸಿಕೊಂಡ ಮಗು ಪಾಠವನ್ನು ಅನಂತರ ಕೇಳಬಹುದು. ದೃಷ್ಟಿದೋಷವುಳ್ಳ ಮಕ್ಕಳಿಗೆ ಪಠ್ಯವನ್ನು ಓದಿ ಹೇಳುವ ತಂತ್ರಾಂಶಗಳು ಹೊಸ ದಾರಿ ತೆರೆದಿವೆ. ಬಿಡುವು ಕೊಟ್ಟು ಪ್ರಶ್ನೆ ಕೇಳುವ ಕಲಿಕಾ ತಂತ್ರಾಂಶಗಳು ಎಬ್ಬಿಂಗ್‌ಹೌಸ್ ತೋರಿಸಿದ ತತ್ವವನ್ನೇ ಬಳಸಿಕೊಳ್ಳುತ್ತವೆ. ದಾಸರ ಪದಗಳು, ತತ್ವಪದಗಳು ಮತ್ತು ಜನಪದ ಹಾಡುಗಳ ಧ್ವನಿಮುದ್ರಣಗಳು ಅಂತರ್ಜಾಲದಲ್ಲಿ ದೊರೆಯುತ್ತಿರುವುದರಿಂದ, ಹಾಡುವ ಹಿರಿಯರಿಲ್ಲದ ಊರಿನ ಮಕ್ಕಳೂ ಅವನ್ನು ಕೇಳಿ ಕಲಿಯಬಲ್ಲರು.

ಭಿನ್ನಾಭಿಪ್ರಾಯಗಳು ಮತ್ತು ತಪ್ಪು ಕಲ್ಪನೆಗಳು

ಮನುಷ್ಯರ ಗಮನದ ಅವಧಿ 8 ಸೆಕೆಂಡಿಗೆ ಇಳಿದು ಗೋಲ್ಡ್ ಫಿಶ್ ಮೀನಿಗಿಂತ ಕಡಿಮೆಯಾಗಿದೆ ಎಂಬ ಮಾತು 2015ರಿಂದ ವ್ಯಾಪಕವಾಗಿ ಹರಡಿತು. ಕೆನಡಾದ ಮಾರುಕಟ್ಟೆ ವರದಿಯೊಂದರ ಮೂಲಕ ಪ್ರಚಾರಕ್ಕೆ ಬಂದ ಈ ಸಂಖ್ಯೆಗೆ ಮೂಲ ವೈಜ್ಞಾನಿಕ ಅಧ್ಯಯನದ ಆಧಾರವಿಲ್ಲ. ಗ್ಲೋರಿಯಾ ಮಾರ್ಕ್ ಅವರ ಅಧ್ಯಯನಗಳಲ್ಲಿ ಕಂಪ್ಯೂಟರಿನ ಒಂದು ಪರದೆಯ ಮೇಲೆ ಜನರು ನಿಲ್ಲುವ ಸರಾಸರಿ ಸಮಯವು 2004ರಲ್ಲಿ ಸುಮಾರು ಎರಡೂವರೆ ನಿಮಿಷ ಇದ್ದದ್ದು ಮುಂದೆ ಸುಮಾರು 47 ಸೆಕೆಂಡಿಗೆ ಇಳಿದಿದೆ. ಇದು ಜನರ ನಡವಳಿಕೆಯ ಅಳತೆಯೇ ಹೊರತು ಸಾಮರ್ಥ್ಯದ ಅಳತೆಯಲ್ಲ. ಎರಡು ಗಂಟೆ ಕ್ರಿಕೆಟ್ ನೋಡುವ, ರಾತ್ರಿಯಿಡೀ ಬಯಲಾಟ ನೋಡುವ ಮಕ್ಕಳಲ್ಲಿ ದೀರ್ಘ ಅವಧಾನದ ಶಕ್ತಿ ಇದ್ದೇ ಇದೆ.

ಆಮಿ ಓರ್ಬೆನ್ ಮತ್ತು ಆಂಡ್ರ್ಯೂ ಪ್ರಿಬಿಲ್‌ಸ್ಕಿ 2019ರಲ್ಲಿ ಮೂರು ದೊಡ್ಡ ಸಮೀಕ್ಷೆಗಳನ್ನು ವಿಶ್ಲೇಷಿಸಿ, ಹದಿಹರೆಯದವರ ಮನಃಸ್ವಾಸ್ಥ್ಯದಲ್ಲಿನ ವ್ಯತ್ಯಾಸದಲ್ಲಿ ಡಿಜಿಟಲ್ ಬಳಕೆಯಿಂದ ವಿವರಿಸಬಹುದಾದದ್ದು ಹೆಚ್ಚೆಂದರೆ ಶೇ. 0.4 ಎಂದು ತೋರಿಸಿದರು. ಸರಾಸರಿಯಲ್ಲಿ ಚಿಕ್ಕದಾಗಿ ಕಾಣುವ ಪರಿಣಾಮವು ಕೆಲವು ಮಕ್ಕಳಲ್ಲಿ ದೊಡ್ಡದಾಗಿರಬಹುದು ಎಂಬುದು ಇದಕ್ಕೆ ಇತರ ಸಂಶೋಧಕರ ಪ್ರತಿವಾದ.

ಗಮನ ಮತ್ತು ನೆನಪು ಕುಗ್ಗಲು ಪರದೆಯ ಹೊರತಾದ ಕಾರಣಗಳೂ ಇವೆ. ರಕ್ತಹೀನತೆ, ಹಸಿವು, ಗೈರುಹಾಜರಿ, ಕಿಕ್ಕಿರಿದ ಮನೆ, ಬೇಸಗೆಯ ತಾಪ, ಗುರುತಿಸದ ದೃಷ್ಟಿದೋಷ ಇವು ಮುಖ್ಯವಾದವು. ಅಕ್ಷರ ದಾಸೋಹದ ಬಿಸಿಯೂಟ ಯೋಜನೆಯು 2002ರಲ್ಲಿ ರಾಯಚೂರು ಸೇರಿದಂತೆ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಮೊದಲು ಆರಂಭವಾದುದಕ್ಕೆ ಇಂತಹ ಹಿನ್ನೆಲೆಯಿದೆ. ಮಗುವಿನ ಮರೆವಿಗೆಲ್ಲ ಫೋನನ್ನೇ ಹೊಣೆ ಮಾಡಿದರೆ ಪರಿಹರಿಸಬಹುದಾದ ಇತರ ಕಾರಣಗಳು ಕಣ್ಮರೆಯಾಗುತ್ತವೆ.

ನೀತಿ ಮತ್ತು ಕ್ರಮಗಳು

ವಿಶ್ವ ಆರೋಗ್ಯ ಸಂಸ್ಥೆಯು 2019ರ ಮಾರ್ಗಸೂಚಿಯಲ್ಲಿ ಒಂದು ವರ್ಷದ ಮಕ್ಕಳಿಗೆ ಕುಳಿತು ಪರದೆ ನೋಡುವುದೇ ಬೇಡವೆಂದೂ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ತಿಳಿಸಿತು. ಫ್ರಾನ್ಸ್ 2018ರಲ್ಲಿ 15 ವರ್ಷದೊಳಗಿನವರ ಶಾಲೆಗಳಲ್ಲಿ ಫೋನ್ ಬಳಕೆಯನ್ನು ಕಾನೂನಿನಿಂದ ನಿಷೇಧಿಸಿತು. ಆಸ್ಟ್ರೇಲಿಯದಲ್ಲಿ 16 ವರ್ಷದೊಳಗಿನವರಿಗೆ ಪ್ರಮುಖ ಸಾಮಾಜಿಕ ಜಾಲತಾಣಗಳ ಖಾತೆಯನ್ನು ನಿರ್ಬಂಧಿಸುವ ಕಾನೂನು 2025ರ ಡಿಸೆಂಬರ್ 10ರಂದು ಜಾರಿಗೆ ಬಂದಿತು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಕಡ್ಡಾಯಗೊಳಿಸುತ್ತದೆ.

ನಿಷೇಧದ ಫಲಿತಾಂಶಗಳು ಮಿಶ್ರವಾಗಿವೆ. ಇಂಗ್ಲೆಂಡಿನ ಶಾಲೆಗಳ ಅಧ್ಯಯನವೊಂದರಲ್ಲಿ ಫೋನ್ ನಿಷೇಧದ ನಂತರ ಹಿಂದುಳಿದ ವಿದ್ಯಾರ್ಥಿಗಳ ಅಂಕಗಳು ಸುಧಾರಿಸಿದವು, ಮುಂದಿದ್ದವರಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. 2025ರಲ್ಲಿ ಪ್ರಕಟವಾದ, ಇಂಗ್ಲೆಂಡಿನ 30 ಶಾಲೆಗಳ ಇನ್ನೊಂದು ಅಧ್ಯಯನದಲ್ಲಿ ನಿರ್ಬಂಧವಿದ್ದ ಮತ್ತು ಇಲ್ಲದ ಶಾಲೆಗಳ ಮಕ್ಕಳ ಮನಃಸ್ವಾಸ್ಥ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಶಾಲೆಯ ಹೊರಗಿನ ಬಳಕೆ ಹಾಗೆಯೇ ಉಳಿದುದು ಇದಕ್ಕೆ ಕಾರಣವೆಂದು ಭಾವಿಸಲಾಗಿದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ಶಟ್ ಕ್ಲಿನಿಕ್ ಎಂಬ ವಿಶೇಷ ಚಿಕಿತ್ಸಾಲಯವು 2014ರಿಂದ ಕಾರ್ಯನಿರ್ವಹಿಸುತ್ತಿದೆ. ವಿಡಿಯೊ ಆಟದ ವ್ಯಸನವನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿಯು ಒಂದು ಅಸ್ವಸ್ಥತೆಯೆಂದು ಗುರುತಿಸಿದೆ. ಗ್ರಾಮೀಣ ಮಕ್ಕಳನ್ನು ಓದಿನತ್ತ ಸೆಳೆಯಲು ರಾಜ್ಯದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು 2020ರಲ್ಲಿ ಓದುವ ಬೆಳಕು ಕಾರ್ಯಕ್ರಮವನ್ನು ಆರಂಭಿಸಿ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿತು. ಈ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರಗಳೆಂದು ಕರೆಯಲಾಗುತ್ತದೆ.

ಮನೆ ಮತ್ತು ಶಾಲೆಯಲ್ಲಿ ಅನುಸರಿಸಬಹುದಾದ ವಿಧಾನಗಳು

ಮೇಲಿನ ಸಂಶೋಧನೆಗಳಿಂದ ಹೊರಡುವ, ವಿಶೇಷ ಖರ್ಚಿಲ್ಲದ ಕೆಲವು ವಿಧಾನಗಳು ಹೀಗಿವೆ. ಓದುವ ಹೊತ್ತಿನಲ್ಲಿ ಫೋನನ್ನು ಬೇರೆ ಕೋಣೆಯಲ್ಲಿಡುವುದು, ಒಂದೇ ಕೋಣೆಯ ಮನೆಯಾದರೆ ಹಿರಿಯರ ಕೈಗೆ ಕೊಡುವುದು. ಫೋನಿನಲ್ಲಿ ಪಾಠ ನೋಡುವಾಗ ನೋಟಿಫಿಕೇಶನ್‌ಗಳನ್ನು ನಿಲ್ಲಿಸುವುದು. ವಿಡಿಯೊ ಪಾಠ ಮುಗಿದ ಮೇಲೆ ಫೋನನ್ನು ಕೆಳಗಿಟ್ಟು, ನೆನಪಿಗೆ ಬಂದ ಅಂಶಗಳನ್ನು ನೋಟುಬುಕ್ಕಿನಲ್ಲಿ ಬರೆಯುವುದು. ಅದೇ ಪಾಠವನ್ನು ಮರುದಿನ, ಮೂರು ದಿನಗಳ ಬಳಿಕ ಹಾಗೂ ವಾರದ ಬಳಿಕ ಪುಸ್ತಕ ನೋಡದೆ ಹೇಳುವುದು. ಮಲಗುವ ಒಂದು ಗಂಟೆ ಮೊದಲು ಪರದೆಯನ್ನು ಮುಚ್ಚುವುದು.

ಶಾಲೆಯಲ್ಲಿ ಪ್ರತಿ ಅವಧಿಯ ಆರಂಭದ ಐದು ನಿಮಿಷ ಹಿಂದಿನ ಪಾಠದ ಪ್ರಶ್ನೆಗಳನ್ನು ಕೇಳುವುದು, ಅರ್ಥ ತಿಳಿಸಿದ ಮೇಲೆ ಮಗ್ಗಿ ಮತ್ತು ಪದ್ಯಗಳನ್ನು ಸಾಮೂಹಿಕವಾಗಿ ಹೇಳಿಸುವುದು, ಉಕ್ತಲೇಖನ ಬರೆಸುವುದು ಪುನಃಸ್ಮರಣೆಯ ಅಭ್ಯಾಸಕ್ಕೆ ನೆರವಾಗುತ್ತವೆ. ಮನೆಯಲ್ಲಿ ಅಕ್ಷರ ಬಾರದ ಹಿರಿಯರೂ ಇದರಲ್ಲಿ ಪಾಲ್ಗೊಳ್ಳಬಹುದು. ಇವತ್ತು ಶಾಲೆಯಲ್ಲಿ ಏನು ಹೇಳಿಕೊಟ್ಟರು ಎಂದು ಕೇಳಿ, ಮಗು ಹೇಳುವುದನ್ನು ಕೊನೆಯವರೆಗೆ ಆಲಿಸಲು ಓದು ಬರಬೇಕಾಗಿಲ್ಲ. ಹಾಗೆ ಉತ್ತರಿಸುವಾಗ ಮಗು ಪುಸ್ತಕವಾಗಲಿ ಫೋನಾಗಲಿ ಇಲ್ಲದೆ ಪಾಠವನ್ನು ನೆನಪಿನಿಂದ ಹೊರತೆಗೆಯುತ್ತದೆ.